ಕೊರಳೊಳಗಿನ ಬಣ್ಣ

ತಾಮ್ರದ ಸಾಮಾನಿಗೆ ಮೆತ್ತಿದ ಹಳೇ ಬಣ್ಣ ತೆಗೆಯುವುದು ಹಂಪಮ್ಮನ ಕೆಲಸ. ಹೈದರಾಬಾದಿನ ಜೀಡಿಮೆಟ್ಲಾದಲ್ಲಿ, ಕಾರ್ಖಾನೆಗಳ ಹಿಂದಿನ ಬಸ್ತಿಯಲ್ಲಿ, ತನ್ನ ಮನೆಯ ಮುಂದಿನ ತಗಡಿನ ನೆರಳಲ್ಲಿ ಕೂತು ಮಾಡುತ್ತಾಳೆ. ಆದರೆ ಸಾಮಾನು ತಂದು ಮುಂದಿಟ್ಟ ಕೂಡಲೇ ಕೈ ಹಚ್ಚುವ ಹೆಂಗಸಲ್ಲ. ಮೊದಲು ಎರಡು ಪ್ರಶ್ನೆ ಕೇಳುತ್ತಾಳೆ. ಇದಕ್ಕೆ ಬಣ್ಣ ಯಾರು ಹಚ್ಚಿದರು? ಯಾಕೆ ಹಚ್ಚಿದರು? ನೆಟ್ಟಗೆ ಉತ್ತರ ಕೊಡದವರ ಸಾಮಾನು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ.

ನನಗೋ ಪ್ರಶ್ನೆ ಕೇಳುವವರನ್ನು ಕಂಡರೆ ಆಗುವುದಿಲ್ಲ. ಸಿಕಂದರಾಬಾದಿನ ಒಂದು ಆಫೀಸಿನ ವಿಚಾರಣೆ ಕೌಂಟರಿನಲ್ಲಿ ಕೂತು ವಾರವಿಡೀ ಉತ್ತರ ಕೊಟ್ಟೂ ಕೊಟ್ಟೂ ನಾಲಿಗೆ ಒಣಗಿರುತ್ತದೆ. ಭಾನುವಾರವೂ ಅದೇ ಗೋಳಾದರೆ ಹೇಗೆ? ಆದರೂ ಒಂದು ಕೊಡ ಹಿಡಿದುಕೊಂಡು ಆಕೆಯ ಹತ್ತಿರ ಹೋದೆ, ಯಾಕೆಂದರೆ ನನ್ನ ಸ್ವಂತ ಉಪಾಯಗಳೆಲ್ಲ ಕೈಕೊಟ್ಟಿದ್ದವು.

ಆ ಕೊಡ ಸಿಕ್ಕಿದ್ದು ಕೋಠಿ ಬಜಾರಿನಲ್ಲಿ. ಹಳೇ ಪುಸ್ತಕ ನೋಡಲು ಹೋದವಳು, ಫುಟ್‌ಪಾತಿನ ಮೇಲೆ ಕೆಟ್ಟ ಫ್ಯಾನು, ಮಿಕ್ಸಿ ಜಾರುಗಳ ನಡುವೆ ಕೂತಿದ್ದ ಬೆಳ್ಳಿ ಬಣ್ಣದ ಒಂದು ಕೊಡದ ಮುಂದೆ ನಿಂತುಬಿಟ್ಟೆ. ದುಂಡು ಹೊಟ್ಟೆ, ಗಿಡ್ಡ ಕೊರಳು, ಹೊರಗೆ ಬಾಗಿದ ಬಾಯಿ. ನಮ್ಮ ಕಲಬುರ್ಗಿ, ಯಾದಗಿರಿ ಕಡೆಯ ಆಕಾರ. ಮನೆಯ ಕೀಲಿಕೈಯಿಂದ ಹೊಟ್ಟೆಯ ಮೇಲೆ ಒಂದು ಗೀರು ಹಾಕಿ ನೋಡಿದೆ. ಬೆಳ್ಳಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಕಂದುಗೆಂಪು, ಅದರ ಕೆಳಗೆ ಕೂದಲಿನಷ್ಟು ತಾಮ್ರ ಹೊಳೆಯಿತು. ನಮ್ಮ ಆಫೀಸಿನಲ್ಲಿ ಆಗ ಎಲ್ಲರಿಗೂ ತಾಮ್ರದ ನೀರು ಕುಡಿಯುವ ಹುಚ್ಚು ಹಿಡಿದಿತ್ತು. ನನಗೂ ಹಿಡಿಯಿತು.

ಮನೆಗೆ ತಂದು ಸೀಮೆಎಣ್ಣೆ ಉಜ್ಜಿದೆ, ಏನೂ ಆಗಲಿಲ್ಲ. ಉಗುರಿನ ಬಣ್ಣ ತೆಗೆಯುವ ಬಾಟಲಿ ಒಂದನ್ನು ಖಾಲಿ ಮಾಡಿದೆ, ಉಗುರಷ್ಟೇ ಸ್ವಚ್ಛವಾಯಿತು. ಕೊನೆಗೆ ಗ್ಯಾಸಿನ ಉರಿಗೆ ಹಿಡಿದಾಗ ಎದ್ದ ಹೊಗೆಗೆ ಮೇಲಿನ ಮನೆಯ ಲಹರಿ ಓಡಿ ಬಂದಳು. ಹಳೇ ಬಣ್ಣದ ಹೊಗೆ ವಿಷ, ಮನೆಮಂದಿಯನ್ನೆಲ್ಲ ಕೊಲ್ಲುತ್ತೀಯಾ ಎಂದು ಬೈದು, ಜೀಡಿಮೆಟ್ಲಾದ ವಿಳಾಸ ಕೊಟ್ಟಳು.

ನಾನು ತೆಲುಗಿನಲ್ಲಿ ಮಾತು ಶುರು ಮಾಡಿದೆ. ಹಂಪಮ್ಮ ಒಂದು ವಾಕ್ಯ ಕೇಳಿ ಕೈ ಎತ್ತಿದಳು.

"ಕನ್ನಡದಾಗ ಹೇಳ್ರಿ. ನಿಮ್ಮ ತೆಲುಗು ಕೇಳಿದ್ರ ಗೊತ್ತಾಗತೈತಿ ಯಾವ ಕಡಿಯವ್ರಂತ. ಯಾರು ಹಚ್ಯಾರ್ರಿ ಇದಕ್ಕ ಬಣ್ಣ?"

"ನನಗೇನು ಗೊತ್ತು? ಕೋಠಿಯಲ್ಲಿ ಕೊಂಡದ್ದು."

"ಅಂವ ಯಾರ ಕಡಿಂದ ತಗೊಂಡಿದ್ನಂತ?"

"ಕೇಳಲಿಲ್ಲ."

"ಕೇಳಬೇಕಿತ್ತು," ಎಂದಳು, ಶಾಲೆಗೆ ಪಾಟಿ ಮರೆತು ಬಂದವಳಿಗೆ ಹೇಳುವ ಹಾಗೆ. ನನಗೆ ಸಿಟ್ಟು ಬಂತು. ಬಣ್ಣ ತೆಗೆಯುವುದಕ್ಕೆ ಕೊಡದ ಕುಲಗೋತ್ರ ಯಾಕೆ ಬೇಕು ಎಂದು ಕೇಳಿಯೇಬಿಟ್ಟೆ.

ಆಕೆಗೆ ಬೇಸರವಾಗಲಿಲ್ಲ. ಐವತ್ತರ ಹತ್ತಿರದ, ಸಣ್ಣ ಮೈಕಟ್ಟಿನ ಹೆಂಗಸು. ಮೊಣಕೈವರೆಗೆ ಕಪ್ಪು ರಬ್ಬರಿನ ಕೈಗವಸು ಹಾಕಿಕೊಂಡು ಹಳೇ ಬಚ್ಚಲ ಹಂಡೆಯೊಂದರ ಮುಂದೆ ಕೂತಿದ್ದಳು. ತಾಮ್ರಕ್ಕೆ ಬಣ್ಣ ಹಚ್ಚಿದ್ದಾರೆ ಎಂದರೆ ಏನೋ ಒಂದು ಕಾರಣ ಇದ್ದೇ ಇರುತ್ತದೆ ಅಂದಳು. ಕೆಲವರು ತೂತು ಮುಚ್ಚಲು ಹಚ್ಚುತ್ತಾರೆ. ಬಣ್ಣ ತೆಗೆದ ಮೇಲೆ ನೀರು ಸೋರಿದರೆ ನೀನೇ ಮಾಡಿದೆ ಎಂದು ಜಗಳಕ್ಕೆ ಬರುತ್ತಾರೆ. ಒಬ್ಬರು ಬಚ್ಚಲಿನ ಟೈಲ್ಸಿಗೆ ಹೊಂದಲಿ ಎಂದು ಹಂಡೆಗೆ ಗುಲಾಬಿ ಬಣ್ಣ ಬಳಿದಿದ್ದರು. ಮತ್ತೊಬ್ಬರು ತಿಕ್ಕುವ ಕಾಟ ತಪ್ಪಲಿ ಎಂದು ಅತ್ತೆ ಊರಿಗೆ ಹೋದಾಗ ಮನೆಯ ತಾಮ್ರಕ್ಕೆಲ್ಲ ಒಂದೇ ದಿನ ಬಣ್ಣ ಹೊಡೆದಿದ್ದರು. ಇದನ್ನೆಲ್ಲ ಹೇಳುವಾಗ ಆಕೆಯ ಕಣ್ಣು ಅರಳುತ್ತಿದ್ದವು. ಅದು ಬರೀ ಕಸುಬಿನ ಎಚ್ಚರಿಕೆಯಲ್ಲ, ಈಕೆಗೆ ಮಂದಿಯ ಮನೆಯೊಳಗಿನದು ತಿಳಿಯುವ ಚಪಲ ಎಂದುಕೊಂಡೆ. ಅರ್ಧ ಮಾತ್ರ ಸರಿ ಇತ್ತು.

"ಮತ್ತ ಇನ್ನೊಂದು ಐತ್ರಿ," ಎಂದಳು. "ನಂದೂ ಒಂದು ಕೊಡ ಹೋಗೈತಿ. ಬಣ್ಣ ಹಚ್ಚಿದ್ದು."

ಹಂಪಮ್ಮನ ಊರು ಗುರುಮಠಕಲ್ ಹತ್ತಿರ. ಮದುವೆಯಾದ ವರ್ಷವೇ ಗಂಡ ಮಲ್ಲಣ್ಣನ ಜೊತೆ ಹೈದರಾಬಾದಿಗೆ ಬಂದವಳು. ಆತ ಕಟ್ಟಡಗಳಲ್ಲಿ ಬಣ್ಣದ ಕೆಲಸ, ಆಕೆ ಇಟ್ಟಿಗೆ, ಸುಣ್ಣ, ಮರಳು ಹೊರುವ ಕೆಲಸ. ಕಟ್ಟುತ್ತಿರುವ ಮನೆಯ ಪಕ್ಕದಲ್ಲೇ ತಗಡಿನ ಶೆಡ್ಡು. ಕಟ್ಟಡ ಮುಗಿದರೆ ಶೆಡ್ಡೂ ಎದ್ದು ಇನ್ನೊಂದು ಕಡೆಗೆ. ಆ ಸಂಸಾರದಲ್ಲಿದ್ದ ಒಂದೇ ಬೆಲೆಯುಳ್ಳ ವಸ್ತು ತವರಿನಿಂದ ಅವ್ವ ಕೊಟ್ಟಿದ್ದ ತಾಮ್ರದ ಕೊಡ. ಬುಡದಲ್ಲಿ ತೂತು ಬಿದ್ದಿದ್ದಾಗ ಅವ್ವ ಹುಣಸೆಬೀಜದಷ್ಟು ಹಿತ್ತಾಳೆಯ ತೇಪೆ ಹಾಕಿಸಿದ್ದಳು. ಬೇರೆ ಗುರುತೇನೂ ಇರಲಿಲ್ಲ.

ಶೆಡ್ಡಿಗೆ ಬಾಗಿಲೆಂದರೆ ಒಂದು ಗೋಣಿಪರದೆ. ಅಕ್ಕಪಕ್ಕದವರ ತಂಬಿಗೆ, ತಟ್ಟೆಗಳು ಮಾಯವಾಗುತ್ತಿದ್ದವು. ಹಂಪಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಹೋದಾಗ ಮಲ್ಲಣ್ಣ ಒಂದು ಉಪಾಯ ಹೂಡಿದ. ಕಿಟಕಿಯ ಗ್ರಿಲ್ಲಿಗೆ ಹಚ್ಚಿ ಉಳಿದಿದ್ದ ರೆಡ್ ಆಕ್ಸೈಡನ್ನು ಕೊಡಕ್ಕೆ ಬಳಿದುಬಿಟ್ಟ. ಕಟ್ಟಡದಲ್ಲಿ ದುಡಿಯುವವರ ಕಣ್ಣಿಗೆ ಆ ಕಂದುಗೆಂಪು ಬಣ್ಣ ಎಂದರೆ ಕಬ್ಬಿಣ. ತುಕ್ಕು ಹಿಡಿಯದಿರಲೆಂದು ಕಬ್ಬಿಣಕ್ಕಲ್ಲದೆ ಬೇರೆ ಯಾವುದಕ್ಕೂ ಅದನ್ನು ಹಚ್ಚುವುದಿಲ್ಲ. ಕಬ್ಬಿಣದ ಕೊಡವನ್ನು ಯಾವ ಕಳ್ಳ ಕದ್ದಾನು?

ಕಳ್ಳರೇನೋ ಮೋಸಹೋದರು. ಆದರೆ ಕೂಸನ್ನು ಎತ್ತಿಕೊಂಡು ಹಂಪಮ್ಮ ವಾಪಸು ಬಂದ ದಿನ ಮಲ್ಲಣ್ಣ ಕೆಲಸಕ್ಕೆ ಹೋಗಿದ್ದ. ಶೆಡ್ಡಿನಲ್ಲಿ ಕಬ್ಬಿಣದ್ದೊಂದು ಕೊಡ ಇತ್ತು, ಕಟ್ಟಡದವರು ಬಿಸಾಕಿದ್ದಿರಬೇಕು ಎಂದುಕೊಂಡಳು. ಮಧ್ಯಾಹ್ನ ಪ್ಲಾಸ್ಟಿಕ್ ಸಾಮಾನಿನವನು ಸೈಕಲ್ ಮೇಲೆ ಬಂದ. ಕೂಸಿಗೆ ಎರೆಯಲು ಒಂದು ಟಬ್ಬು ಬೇಕಿತ್ತು. ಈ ಕೊಡ ಕೊಟ್ಟು ನೀಲಿ ಟಬ್ಬು ತಗೊಂಡಳು.

ಸಂಜೆ ಮಲ್ಲಣ್ಣ ಬಂದವನೇ ಕೊಡ ಎಲ್ಲಿ ಎಂದ. ನಾನೇ ಕೇಳಬೇಕು, ಅವ್ವ ಕೊಟ್ಟ ಕೊಡ ಎಲ್ಲಿ, ಕುಡಿದು ಹಾಳು ಮಾಡಿದೆಯಾ ಎಂದು ಆಕೆ. ಇಬ್ಬರೂ ಒಂದೇ ಕೊಡಕ್ಕಾಗಿ ಒಬ್ಬರ ಮೇಲೊಬ್ಬರು ಕಳ್ಳತನದ ಆರೋಪ ಹೊರಿಸಿ ಬಹಳ ಹೊತ್ತು ಕೂಗಾಡಿದ ಮೇಲೆ ನಿಜ ಸಂಗತಿ ಹೊರಗೆ ಬಂತು. ಅಷ್ಟರಲ್ಲಿ ಸೈಕಲ್‌ನವನು ಯಾವ ಗಲ್ಲಿಯಲ್ಲಿದ್ದನೋ. ಹಂಪಮ್ಮನ ಅವ್ವ ಕೊನೆಯವರೆಗೂ ಮಗಳನ್ನು ಕೇಳುತ್ತಿದ್ದಳಂತೆ, ಕೊಡ ಎಲ್ಲೈತಿ ಎಂದು. ಹೈದರಾಬಾದಿನಾಗ ಐತಿ ಎನ್ನುತ್ತಿದ್ದಳಂತೆ ಈಕೆ. ಅದು ಸುಳ್ಳೂ ಅಲ್ಲವಲ್ಲ.

ಕೊಡ ಹೋದದ್ದಕ್ಕಿಂತ ದೊಡ್ಡ ಗಾಯ ಆ ಸಂಜೆ ಮಲ್ಲಣ್ಣ ಆಡಿದ ಒಂದು ಮಾತಿನಿಂದ ಆಯಿತು. "ಕೊರಳೊಳಗ ಬಣ್ಣ ಹಚ್ಚಿರಲಿಲ್ಲ. ನಿನಗ ಗುರುತು ಸಿಗಲೆಂತ ಬೇಕಂತನ ಬಿಟ್ಟಿದ್ದೆ. ಒಂದು ಸಲ ಇಣುಕಿ ನೋಡಿದ್ರ ತಾಮ್ರ ಕಾಣ್ತಿತ್ತು."

"ನೋಡಿದ್ದೆ," ಎಂದಿದ್ದಳು ಹಂಪಮ್ಮ. "ಒಳಗೂ ಕೆಂಪ ಇತ್ತು."

ಅಲ್ಲಿಂದ ಇಪ್ಪತ್ತು ವರ್ಷದ ಮೇಲಾಯಿತು, ಈ ವ್ಯಾಜ್ಯ ಇತ್ಯರ್ಥವಾಗಿಲ್ಲ. ಗಂಡ ಬಿಟ್ಟಿದ್ದು ನಿಜವಾದರೆ ಹೆಂಡತಿ ಕಣ್ಣಿದ್ದೂ ಕುರುಡಿ. ಹೆಂಡತಿ ನೋಡಿದ್ದು ನಿಜವಾದರೆ ಗಂಡ ಸುಳ್ಳುಗಾರ. ಕೂಲಿಯ ಶೆಡ್ಡಿನಲ್ಲಿ ಶುರುವಾದದ್ದು ಸ್ವಂತ ಎರಡು ಕೋಣೆಯ ಮನೆಗೂ ಬಂತು.

"ಮನ್ಯಾಗ ನನ್ನ ಮಾತಿಗಿ ತೂಕನ ಇಲ್ಲದಂಗ ಆತ್ರಿ," ಎಂದಳು ನನಗೆ. "ಮಗಳು ಗಂಗಾನ ಸಾಲಿ ಮಾತು ಬಂತು, ಆಕಿ ಲಗ್ನದ ಮಾತು ಬಂತು. ನಾ ಏನರೆ ಅಂದ್ರ, ಕೊರಳಾಗ ಇಣುಕಿ ನೋಡಲಾರದಾಕಿ ನಿನಗೇನ್ ತಿಳೀತೈತಿ, ಅಂತಾರ. ನಗಕೋತನ ಅಂತಾರ್ರಿ, ಬೈಯಂಗಿಲ್ಲ. ಅದಕ್ಕ ಭಾಳ ಉರೀತೈತಿ."

"ನೀವು ನಿಜವಾಗಿ ಇಣುಕಿ ನೋಡಿದ್ದಿರಾ?"

"ನೋಡೀನಿ ಅಂತನ ನನ್ನ ಮನಸ್ಸು ಹೇಳತೈತಿ. ಆದ್ರ ಭಾಳ ವರ್ಷ ಹೇಳ್ಕೋತ ಬಂದ್ರ ಮನಸ್ಸಿಗೂ ರೂಢಿ ಆಕ್ಕೈತಲ್ರಿ. ಒಮ್ಮೆ ಕಣ್ಣಿಲೆ ನೋಡಬೇಕು. ಅಷ್ಟ ನನಗ."

ಕಟ್ಟಡದ ಕೂಲಿ ಸಾಕಾದ ಮೇಲೆ ಆಕೆ ಜೀಡಿಮೆಟ್ಲಾದಲ್ಲಿ ಕಾರ್ಖಾನೆಗಳ ಖಾಲಿ ಡ್ರಮ್ಮು ತೊಳೆಯುವ ಕೆಲಸ ಹಿಡಿದಿದ್ದಳು. ಕಾಸ್ಟಿಕ್ ಸೋಡಾ ಬಿದ್ದು ಮಣಿಕಟ್ಟು ಸುಟ್ಟ ಕಲೆ ಈಗಲೂ ಇದೆ. ಡ್ರಮ್ಮಿನ ಬಣ್ಣ ಆ ಸೋಡಾಕ್ಕೆ ಕೆನೆಯ ಹಾಗೆ ಸುಕ್ಕಾಗಿ ಎದ್ದುಬರುವುದನ್ನು ಅಲ್ಲೇ ನೋಡಿದ್ದು. ನೋಡಿದ ಕೂಡಲೇ ಕೊಡ ನೆನಪಾಯಿತಂತೆ. ಊರ ತುಂಬ ಎಷ್ಟೋ ತಾಮ್ರ ಬಣ್ಣದಡಿ ಬಿದ್ದಿರುತ್ತದೆ, ಬಣ್ಣ ತೆಗೆಯುವವರ ಹತ್ತಿರ ಅದು ತಾನಾಗಿ ನಡೆದು ಬರುತ್ತದೆ, ಒಂದಲ್ಲ ಒಂದು ದಿನ ನನ್ನದೂ ಬರುತ್ತದೆ ಎಂದು ಈ ಕಸುಬಿಗೆ ಕೂತಳು. ಕಾಸ್ಟಿಕ್ ಕೈ ಸುಡುತ್ತದೆಂದು ಅದನ್ನು ಬಿಟ್ಟು, ಕಟ್ಟಡದ ಕೆಲಸದಲ್ಲಿ ಕೈಗೆ ರೂಢಿಯಾಗಿದ್ದ ಸುಣ್ಣಕ್ಕೆ ವಾಷಿಂಗ್ ಸೋಡಾ ಕಲಸಿ ಮುದ್ದೆ ಮಾಡಿ ನೋಡಿದಳು. ನಿಧಾನ, ಆದರೆ ಕೆಲಸ ಅದೇ ಆಗುತ್ತದೆ.

ಆ ಮುದ್ದೆಯನ್ನು ಬಣ್ಣದ ಮೇಲೆ ದಪ್ಪಗೆ ಮೆತ್ತಿ, ಒಣಗದಂತೆ ಹಸಿ ಗೋಣಿ ಸುತ್ತಿ ಬಿಡುತ್ತಾಳೆ. ಆಮೇಲೆ ಬಿದಿರಿನ ಚಕ್ಕೆಯಿಂದ ಸವರಿದರೆ ಬಣ್ಣ ಮೆತ್ತಗೆ ಜಾರುತ್ತದೆ. ಕಬ್ಬಿಣದ ಚಾಕು ಮುಟ್ಟಿಸುವುದಿಲ್ಲ, ತಾಮ್ರಕ್ಕೆ ಗೀರು ಬೀಳುತ್ತದೆ. ಒಣ ಬಣ್ಣ ಕೆರೆಯುವುದಿಲ್ಲ, ಪುಡಿ ಎದೆಗೆ ಹೋಗುತ್ತದೆ. ಮುದ್ದೆ ಕಡಿಮೆ ಹೊತ್ತು ಇಟ್ಟರೆ ಮೇಲಿನ ಪದರ ಮಾತ್ರ ಬರುತ್ತದೆ, ಹೆಚ್ಚು ಹೊತ್ತು ಇಟ್ಟರೆ ಎಲ್ಲವೂ. ಕೊನೆಗೆ ಹುಣಸೆಹಣ್ಣಿನ ರಸ ತಿಕ್ಕಿ ತೊಳೆಯುತ್ತಾಳೆ. ಯಾವ ಪಾತ್ರೆ ಬಂದರೂ ಮೊದಲು ಬುಡದ ಬಣ್ಣ ತೆಗೆಯುವುದು ಆಕೆಯ ಪದ್ಧತಿ. ಯಾಕೆಂದು ಈಗ ನನಗೆ ಗೊತ್ತಿತ್ತು.

ನನ್ನ ಕೊಡವನ್ನೂ ಬೋರಲು ಹಾಕಿ ನೋಡಿದಳು. ಬಣ್ಣ ದಪ್ಪವಾಗಿ ಏನೂ ಕಾಣಲಿಲ್ಲ. ಕೀಲಿಕೈಯಿಂದ ನಾನು ಗೀರಿದ್ದ ಜಾಗದ ಮೇಲೆ ಮಾತ್ರ ಹೆಬ್ಬೆರಳಿಟ್ಟು ಒಂದೆರಡು ಸಲ ಸವರಿದಳು.

"ಬಿಟ್ಟು ಹೋಗ್ರಿ," ಎಂದಳು. "ಬರೂ ಐತವಾರ ಬರ್ರಿ."

ಆ ವಾರ ಆಫೀಸಿನಲ್ಲಿ ಯಾರು ಏನು ಕೇಳಿದರೂ ನನ್ನ ತಲೆಯಲ್ಲಿ ಹಿತ್ತಾಳೆಯ ತೇಪೆಯೇ ಓಡಾಡುತ್ತಿತ್ತು. ಪ್ರಶ್ನೆ ಕೇಳುವವರನ್ನು ಕಂಡರಾಗದ ನಾನು ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುವುದನ್ನೂ ಬಿಟ್ಟು ಬಸ್ಸು ಹತ್ತಿದೆ.

ಹಂಪಮ್ಮ ಕಾಯುತ್ತಿದ್ದಳು. ನಮಸ್ಕಾರ ಇಲ್ಲ, ಏನಿಲ್ಲ. ಕೊಡವನ್ನು ಬೋರಲು ಮಾಡಿ ನನ್ನ ಕಡೆ ತಿರುಗಿಸಿದಳು. ಬುಡದ ಕೆಂಪು ತಾಮ್ರದ ನಡುವೆ ಹುಣಸೆಬೀಜದಷ್ಟು ಹಳದಿ.

ಇಷ್ಟು ವರ್ಷ ಊರಿನ ಅಷ್ಟೊಂದು ತಾಮ್ರದ ಮೇಲೆ ಕೈಯಾಡಿಸಿದವಳಿಗೆ ತನ್ನದೊಂದು ಸಿಕ್ಕಿದ್ದರಲ್ಲಿ ಅಂಥ ಆಶ್ಚರ್ಯವೇನಿಲ್ಲ ಎಂದು ಬಾಯಲ್ಲಿ ಹೇಳಿದೆ, ಒಳಗೆ ಹಾಗೆ ಅನ್ನಿಸಲಿಲ್ಲ. ಕೊಡ ನಿಮ್ಮದು, ಇಟ್ಟುಕೊಳ್ಳಿ ಎಂದೆ. ಆ ಕೊಡದ ಮೇಲೆ ನನಗೂ ಆಸೆ ಕೂತಿತ್ತು, ಅದೂ ನಿಜ.

"ಹೂಂ ಮತ್ತ, ನಂದ ಅಲ್ಲೇನ್ರಿ," ಎಂದಳು ಆಕೆ, ಉಪಕಾರ ಗಿಪಕಾರ ಎನ್ನದೆ. "ಕೊಡದ ಮಾತಿರಲಿ. ಕೊರಳು ಇನ್ನೂ ಮುಟ್ಟಿಲ್ಲ. ನೀವು ಬರಲಿ ಅಂತ ಬಿಟ್ಟೀನಿ. ಒಬ್ಬಾಕಿನ ನೋಡಿದ್ರ, ನಾಳೆ ನಾನೂ ಬದಲಿಸಿ ಹೇಳಬಹುದು."

ಮಲ್ಲಣ್ಣ ಅರ್ಧ ದಿನದ ಕೆಲಸಕ್ಕೆ ಹೋಗಿದ್ದ. ಹೊಟ್ಟೆಯ ಮೇಲಿನ ಬೆಳ್ಳಿ, ನೀಲಿ ಎರಡನ್ನೂ ತೆಗೆದು, ಮಲ್ಲಣ್ಣನ ಕಂದುಗೆಂಪನ್ನು ಮಾತ್ರ ಉಳಿಸಿದ್ದಳು. ಕೊರಳ ಒಳಗೆ ಇನ್ನೂ ಬೆಳ್ಳಿಯೇ ಇತ್ತು. ಅಲ್ಲಿ ಮುದ್ದೆ ಮೆತ್ತಿದಳು. ನಾವಿಬ್ಬರೂ ಎದುರುಬದುರು ಕೂತು ಕಾದೆವು. ಆಕೆ ಚಹಾ ಮಾಡಿದಳು, ಅರ್ಧ ಕುಡಿದು ಮರೆತಳು.

ಬಿದಿರಿನ ಚಕ್ಕೆಗೆ ಬೆಳ್ಳಿ ಬಂತು. ಇನ್ನೊಮ್ಮೆ ಮೆತ್ತಿ ಕಾದ ಮೇಲೆ ನೀಲಿ ಬಂತು. ಒದ್ದೆ ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದಳು. ಒಳಗೆ ಕಂದುಗೆಂಪು.

"ನೋಡ್ರಿ," ಎಂದಳು. "ಕೆಂಪ ಐತಿಲ್ಲೋ? ಒಳಗೂ ಹಚ್ಚಿದ್ರು. ನಾ ನೋಡಿದ್ದು ಖರೇ ಐತಿ."

ನನಗೆ ಎಷ್ಟು ಸಂತೋಷವಾಯಿತೆಂದರೆ ಆಕೆಯ ಭುಜ ಹಿಡಿದು ಅಲುಗಾಡಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹಂಪಮ್ಮನಿಗೆ ಯಾವುದನ್ನೂ ಅಷ್ಟಕ್ಕೇ ಬಿಟ್ಟು ಗೊತ್ತಿಲ್ಲ. ಹಳೇ ತಾಮ್ರವೂ ಕಪ್ಪಿಟ್ಟು ಕಂದಾಗಿರುತ್ತದೆ ಎಂಬುದು ಆಕೆಗೆ ತಿಳಿಯದ್ದೇನಲ್ಲ. ಹುಣಸೆಹಣ್ಣಿನ ರಸದಲ್ಲಿ ಬೆರಳದ್ದಿ ಹೊಟ್ಟೆಯ ಮೇಲೆ ತಿಕ್ಕಿದಳು. ಕಂದುಗೆಂಪು ಹಾಗೇ ಇತ್ತು. ಅದು ಬಣ್ಣ. ಅದೇ ಬೆರಳನ್ನು ಕೊರಳೊಳಗೆ ಹಾಕಿ ತಿಕ್ಕಿದಳು. ಬೆರಳು ಹೋದ ದಾರಿಯುದ್ದಕ್ಕೂ ತಾಮ್ರ ಬೆಳಗಿತು.

ಒಳಗೆ ಬಣ್ಣ ಇರಲಿಲ್ಲ.

ಆಕೆ ಕೈ ಹೊರಗೆ ತೆಗೆದು ಸೆರಗಿಗೆ ಒರೆಸಿಕೊಂಡಳು. ಎಲ್ಲಾ ಬಣ್ಣ ಈಗಲೇ ತೆಗೆದುಬಿಡಿ, ಒಳಗೆ ಏನಿತ್ತೋ ಯಾರಿಗೆ ಗೊತ್ತಾಗುತ್ತದೆ, ನಾನಂತೂ ಬಾಯಿ ಬಿಡುವುದಿಲ್ಲ ಎಂದೆ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ, ಅದರಲ್ಲಿ ಸಂಶಯವಿಲ್ಲ.

ಹಂಪಮ್ಮ ಬಿದಿರಿನ ಚಕ್ಕೆ ಎತ್ತಿಕೊಂಡಳು. ಕೊಡದ ಹೊಟ್ಟೆಯ ಮೇಲೆ ಇಟ್ಟಳು. ಮತ್ತೆ ಕೆಳಗಿಟ್ಟಳು.

"ಬ್ಯಾಡ್ರಿ," ಎಂದಳು. "ತಿಳೀಬೇಕಂತ ಕುಂತಿದ್ದೆ. ತಿಳೀತು."

ಮಲ್ಲಣ್ಣ ಬಿಸಿಲು ಏರಿದ ಮೇಲೆ ಬಂದ. ಉದ್ದನೆಯ ಮನುಷ್ಯ, ಅಂಗಿಯ ತುಂಬ ಬಣ್ಣದ ಹನಿ. ಕೈಕಾಲು ತೊಳೆಯುವುದಕ್ಕೂ ಬಿಡದೆ ಹಂಪಮ್ಮ ಕೊಡವನ್ನು ಆತನ ಮುಂದಿಟ್ಟಳು. ಬುಡದ ತೇಪೆ ತೋರಿಸಿದಳು. ಆತ ನಿಂತಲ್ಲೇ ಕುಕ್ಕರಿಸಿದ.

"ಬುಡ ಇರಲಿ. ಕೊರಳು ನೋಡ್ರಿ," ಎಂದಳು. "ನೀವು ಹೇಳಿದ್ದ ಖರೇ. ಒಳಗ ಹಚ್ಚಿರಲಿಲ್ಲ. ನಾ ಇಣುಕಿ ನೋಡಿರಲಿಲ್ಲ. ತಪ್ಪು ನಂದ."

ಮಲ್ಲಣ್ಣ ಕೊಡವನ್ನು ಮಡಿಲಿಗೆ ಎಳೆದುಕೊಂಡ. ಬಾಯಿಯ ಅಂಚಿನ ಮೇಲೆ ತನ್ನ ಬಣ್ಣ ಮುಗಿಯುವ ಜಾಗದಲ್ಲಿ ಬೆರಳಾಡಿಸಿದ. ಅಲ್ಲಿ ಬಣ್ಣ ಒಂದೇ ಗೆರೆಗೆ ನಿಂತಿರಲಿಲ್ಲ. ತೆಳ್ಳಗಾಗುತ್ತಾ ಹೋಗಿ, ಒಣ ಬ್ರಷ್ಷಿನ ಕೂದಲು ಎಳೆದ ಗೀಟುಗಳಷ್ಟೇ ಉಳಿದಿದ್ದವು. ಆತ ಬಣ್ಣದ ಕೆಲಸದವನು, ಆ ಗೀಟುಗಳನ್ನೇ ನೋಡುತ್ತ ಕೂತ. ಗೆದ್ದವನ ಮುಖ ಹಾಗಿರುವುದಿಲ್ಲ.

"ಬೇಕಂತ ಬಿಟ್ಟದ್ದಲ್ಲ ಅದು," ಎಂದ ಕೊನೆಗೆ.

"ಏನು?"

"ಒಳಗೂ ಹಚ್ಚಬೇಕಂತನ ಇದ್ದೆ. ಡಬ್ಬ್ಯಾಗ ಬಣ್ಣ ತೀರಿತು." ಆತ ತಲೆ ಎತ್ತಲಿಲ್ಲ. "ಅವತ್ತು ನೀ ಕುಡುಕ ಅಂದಿ, ಕಳ್ಳ ಅಂದಿ. ನನಗೂ ಏನರೆ ಅನ್ನಬೇಕಿತ್ತು. ಗುರುತಿಗಿ ಬಿಟ್ಟಿದ್ದೆ ಅಂದುಬಿಟ್ಟೆ. ಆಮ್ಯಾಲ ಅದನ್ನ ಹೆಂಗ ವಾಪಸ್ ತಗೊಳ್ಳದು?"

ನಾನು ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಅಂಥ ಹೊತ್ತಿನಲ್ಲಿ ಎದ್ದು ಹೋಗುವಷ್ಟು ಒಳ್ಳೆಯವಳು ನಾನಲ್ಲ.

ಹಂಪಮ್ಮ ಕೂಗಾಡಲಿಲ್ಲ. ಗಂಡನ ಮುಖವನ್ನು, ಕೊಡವನ್ನು, ಮತ್ತೆ ಗಂಡನ ಮುಖವನ್ನು ನೋಡಿದಳು. ಅವಳ ಕಣ್ಣು ತುಂಬಿದ್ದವು, ಆದರೆ ತುಟಿ ನಗುವನ್ನು ತಡೆಹಿಡಿದ ಹಾಗಿತ್ತು. ರಬ್ಬರಿನ ಕೈಗವಸುಗಳನ್ನು ಎತ್ತಿ ಆತನ ತೊಡೆಯ ಮೇಲೆ ಹಾಕಿದಳು.

"ಹಾಕ್ಕೊಳ್ರಿ. ಉಳಿದದ್ದು ನೀವು ತೆಗೀರಿ."

"ನನಗೆಲ್ಲಿ ಬರತೈತಿ ಇದು?"

"ಹಚ್ಚಾಕ ಬಂತಲ್ಲ, ತೆಗ್ಯಾಕೂ ಕಲೀರಿ."

ಮಲ್ಲಣ್ಣ ಕೈಗವಸು ಏರಿಸಿಕೊಂಡ. ದೊಡ್ಡ ಕೈಗಳಿಗೆ ಅವು ಅರ್ಧಕ್ಕೇ ನಿಂತವು. ಆಕೆ ಹೇಳಿದ ಹಾಗೆ ಮುದ್ದೆ ಮೆತ್ತಿ, ಗೋಣಿ ಸುತ್ತಿದ. ಊಟವಾದ ಮೇಲೆ ಗೋಣಿ ಬಿಚ್ಚಿ ಬಿದಿರಿನ ಚಕ್ಕೆ ಹಿಡಿದು ಎಳೆಯತೊಡಗಿದ. ಹಂಪಮ್ಮ ಪಕ್ಕದಲ್ಲಿ ಕೈಕಟ್ಟಿ ಕೂತು ನೋಡುತ್ತಿದ್ದಳು.

"ಅಷ್ಟು ಒತ್ತಬ್ಯಾಡ್ರಿ," ಎಂದಳು. "ತಾಮ್ರಕ್ಕ ಗೀರು ಬೀಳತೈತಿ."

ಮಲ್ಲಣ್ಣ ಎದುರು ಮಾತಾಡದೆ ಕೈ ಹಗುರ ಮಾಡಿದ.